ಧೋಂಡ್ಯಾ ತಿಂಗಳಿಗೆ ಬರ್ತೇನಿ

ಭಾಲ್ಕಿ
೨೭ ಏಪ್ರಿಲ್ ೨೦೨೩, ಗುರುವಾರ

ಏನ್ರಿ,

ಹೀಗೆ ಶುರು ಮಾಡಿದ್ದಕ್ಕೆ ನಗಬೇಡಿ. ಎದುರಿಗಿದ್ದಾಗ ಕರೆದದ್ದೂ ಹೀಗೆ, ಫೋನಿನಲ್ಲಿ ಕರೆಯುವುದೂ ಹೀಗೆ. ಕಾಗದದ ಮೇಲೆ ಬೇರೆ ಏನಾದರೂ ಬರೆದರೆ ಇನ್ಯಾರದೋ ಗಂಡನಿಗೆ ಬರೆದ ಹಾಗೆ ಅನ್ನಿಸುತ್ತದೆ. ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ಊರಿನ ಮಂದಿಗೆಲ್ಲ ಅಡಿಗೆ ಮಾಡಿ ಹಾಕುವವರು ನೀವು, ಆದರೆ ಹೋದ ವಾರ ವಿಡಿಯೋದಲ್ಲಿ ನೋಡಿದಾಗ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು. ಬೆಳಕು ಸರಿ ಇಲ್ಲ ಎಂದು ನೀವು ತೇಲಿಸಿಬಿಟ್ಟಿರಿ. ಬೆಳಕಿಗೂ ಎಲುಬಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಮರಳು ಗಾಳಿಗೆ ಕಣ್ಣು ಉರಿಯುವುದು ಕಡಿಮೆ ಆಯಿತೆ? ಔಷಧ ಹಾಕಿಕೊಳ್ಳುತ್ತೀರೋ ಅಥವಾ ಸೀಸೆ ಹಾಗೆಯೇ ಕಿಟಕಿಯಲ್ಲಿ ಕೂತಿದೆಯೋ?

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಾವನವರ ಮೊಣಕಾಲು ನೋವು ಇದ್ದ ಹಾಗೆಯೇ ಇದೆ. ಆದರೂ ಬಟ್ಟೆ ಅಂಗಡಿಯ ಶಟರ್ ತಾವೇ ಎತ್ತಬೇಕು, ಬೇರೆಯವರು ಎತ್ತಿದರೆ ಬೋಣಿ ಆಗುವುದಿಲ್ಲ ಎಂಬ ಹಟ. ಅತ್ತೆಯವರು ಮಾಳಿಗೆಯ ಮೇಲೆ ಶಾವಿಗೆ, ಸಂಡಿಗೆ ಹಾಕುವುದರಲ್ಲಿ ಮುಳುಗಿದ್ದಾರೆ. ಈ ಸಲ ರಮಜಾನ್ ಹಬ್ಬ ಶನಿವಾರ, ಬಸವ ಜಯಂತಿ ಭಾನುವಾರ, ಒಂದರ ಬೆನ್ನಿಗೊಂದು ಬಂದವು. ಶನಿವಾರ ಎದುರು ಮನೆಯ ರಹೀಮುನ್ನಿಸಾ ಚಾಚಿ ಡಬ್ಬಿ ತುಂಬ ಶೀರಖುರ್ಮಾ ಕೊಟ್ಟರು, ಭಾನುವಾರ ಅದೇ ಡಬ್ಬಿಯಲ್ಲಿ ನಾವು ಹೋಳಿಗೆ ಹಾಕಿ ಕೊಟ್ಟೆವು. ಮಾವನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹೊಸ ಧೋತರ ಉಟ್ಟು, ಮೆರವಣಿಗೆಯಲ್ಲಿ ಅರ್ಧ ದಾರಿ ನಡೆದರು. ಉಳಿದರ್ಧ ಆಟೋದಲ್ಲಿ ಬಂದರು. ಈಗ ಪೂರ್ತಿ ನಡೆದೆ ಎಂದು ಓಣಿಗೆಲ್ಲ ಹೇಳುತ್ತಿದ್ದಾರೆ. ನಿಮಗೂ ಹೇಳುತ್ತಾರೆ, ಹೌದೆನ್ನಿ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನ್ ಇಡೀ ಮನೆಯದು. ನಿಮ್ಮ ಕರೆ ಬಂದ ಕೂಡಲೇ ಅತ್ತೆಯವರು ಸ್ಪೀಕರ್ ಹಚ್ಚಿ ಪಡಸಾಲೆಯ ನಡುವೆ ಇಟ್ಟುಬಿಡುತ್ತಾರೆ. ಮೊದಲು ಅವರು, ಆಮೇಲೆ ಮಾವನವರು, ನಡುವೆ ಬಂದು ಹೋಗುವವರು ಯಾರಾದರೂ. ನನ್ನ ಸರದಿ ಬರುವಷ್ಟರಲ್ಲಿ ನಿಮ್ಮ ಮರಳುಗಾಡಿನ ನೆಟ್‌ವರ್ಕ್ ಕೈಕೊಟ್ಟಿರುತ್ತದೆ. ‘ಮತ್ತ ಏನದ?’ ‘ಏನಿಲ್ರಿ, ಎಲ್ಲಾ ಆರಾಮ.’ ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾವಿಬ್ಬರು ಆಡಿದ ಮಾತಿನಲ್ಲಿ ಹೆಚ್ಚಿನ ಪಾಲು ಇದೇ ಇರಬೇಕು. ಚಾಚಿಯ ಅಕ್ಕನ ಮಗ ಹಬ್ಬಕ್ಕೆ ಬಂದವನು ನಾಡಿದ್ದು ಶನಿವಾರ ಮಸ್ಕತ್‌ಗೆ ವಾಪಸು ಹೋಗುತ್ತಾನೆ. ಅವನ ಕೈಯಲ್ಲಿ ಕೊಟ್ಟರೆ ನಿಮ್ಮ ಜೊತೆ ಕೆಲಸ ಮಾಡುವ ಅವರ ಮಗ ಖಾಲಿದ ಅಲ್ಲಿಂದ ನಿಮ್ಮ ಗುಡಾರಗಳ ಕ್ಯಾಂಪಿಗೆ ತರುತ್ತಾನೆ ಎಂದು ಚಾಚಿ ಹೇಳಿದ್ದಾರೆ. ಮಗನ ವಿಷಯದಲ್ಲಿ ಅವರ ಮಾತು ಸುಳ್ಳಾಗುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ಈಗ ಜಗಳದ ಮಾತು. ಖಾಲಿದನ ತಂಗಿ ಅಂಬರೀನಳ ಮದುವೆ ಎಂದು, ಈ ಸಲ ನಿಮ್ಮ ಸರದಿಗೆ ಬಂದ ಬೇಸಿಗೆ ರಜೆಯನ್ನು ಅವನಿಗೆ ಬಿಟ್ಟುಕೊಟ್ಟಿರಿ. ಕೊಟ್ಟದ್ದು ತಪ್ಪು ಎನ್ನಲಾರೆ. ತಂಗಿಯ ಮದುವೆಗೆ ಅಣ್ಣ ಇಲ್ಲದಿದ್ದರೆ ಹೇಗೆ? ಆದರೆ ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ನಾನೂ ಕೊಡಿ ಎಂದೇ ಹೇಳುತ್ತಿದ್ದೆ, ಅತ್ತುಕೊಂಡಾದರೂ ಹೇಳುತ್ತಿದ್ದೆ. ನೀವು ಎಲ್ಲ ಮುಗಿಸಿ ಆಮೇಲೆ ಸ್ಪೀಕರಿನಲ್ಲಿ ಎಲ್ಲರಿಗೂ ಒಟ್ಟಿಗೆ ತಿಳಿಸಿದಿರಿ. ನಾನು ಒಳಗೆ ಹೋಗಿ ಹಿಟ್ಟು ನಾದಿದೆ. ಅವತ್ತಿನ ರೊಟ್ಟಿ ಭಾಳ ಮೆತ್ತಗಾಗಿದ್ದವು ಎಂದು ಮಾವನವರು ಹೊಗಳಿದರು. ಅದಕ್ಕೂ ಮೇಲೆ, ಅಂಬರೀನಳ ಮದುವೆಯ ಬಟ್ಟೆ ಹೊಲಿಯುತ್ತಿರುವವಳು ಯಾರು ಗೊತ್ತೆ? ನಾನೇ. ಅಂಗಡಿಯ ಮೂಲೆಯ ನನ್ನ ಮೆಷಿನ್ ಮೇಲೆ ಕೆಂಪು ಶರಾರಾ ಹರಡಿಕೊಂಡು ಕೂತಿದ್ದೇನೆ. ನನ್ನ ಗಂಡನ ರಜೆ ನುಂಗಿದ ಮದುವೆಗೆ ನಾನೇ ಜರಿ ಹಚ್ಚುತ್ತಿದ್ದೇನೆ. ಹುಡುಗಿ ಬಂದು ಅಳತೆ ಕೊಟ್ಟು, ‘ಭಾಬೀ, ಭಾಳ ಛಂದ ಆಗ್ಲತ್ತದ’ ಎಂದು ಕೊರಳಿಗೆ ಬಿದ್ದಳು. ಅವಳ ಮೇಲೆ ಸಿಟ್ಟು ಮಾಡುವುದು ಯಾರಿಂದ ಆಗುತ್ತದೆ? ಹಾಗಾಗಿ ಆ ಸಿಟ್ಟೂ ನಿಮ್ಮ ಲೆಕ್ಕಕ್ಕೇ ಸೇರಿದೆ.

ನನ್ನನ್ನು ಸಮಾಧಾನ ಮಾಡಲು ನೀವು ಹೇಳಿದ್ದೇನು? ‘ಇಲ್ಲಿಗೆ ಬರ್ಲಾಕ ನವೆಂಬರ್‌ನಿಂದ ಫೆಬ್ರುವರಿ ತನಕ ಛಲೋ ಟೈಮ್. ಡಿಸೆಂಬರ್‌ಗೆ ಬಾ. ಹವಾ ತಂಪಿರ್ತದ, ಚಂದ್ರ ಭಾಳ ಛಂದ ಕಾಣಸ್ತಾನ.’ ಈ ಮಾತು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಹೋದ ವರ್ಷ ನೀವು ಕಳಿಸಿದ ವಿಡಿಯೋದಲ್ಲಿ ಬಿಳಿ ಟೋಪಿ ಹಾಕಿಕೊಂಡು, ಪರದೇಶದ ಗಂಡ ಹೆಂಡತಿಗೆ ಇಂಗ್ಲಿಷಿನಲ್ಲಿ ಇದನ್ನೇ ಹೇಳುತ್ತಿದ್ದಿರಿ. ನವೆಂಬರ್, ಫೆಬ್ರುವರಿ, ಚಂದ್ರ, ತಂಪು ಹವಾ, ಒಂದಕ್ಷರ ಆಚೆ ಈಚೆ ಇಲ್ಲ. ಹೋಟೆಲಿಗೆ ಬರುವ ಗಿರಾಕಿಗೆ ಹೇಳುವುದನ್ನೇ ಹೆಂಡತಿಗೂ ಹೇಳಿದಿರಿ.

ಆದರೂ ನೀವು ಹೇಳಿದ ಡಿಸೆಂಬರನ್ನು ನಾನು ಬಿಟ್ಟುಹಾಕಲಿಲ್ಲ, ಕೂತು ಯೋಚನೆ ಮಾಡಿದೆ. ಡಿಸೆಂಬರ್‌ಗೆ ನಾನು ಬಂದೆ ಎಂದಿಟ್ಟುಕೊಳ್ಳಿ. ಎಲ್ಲ ಗುಡಾರಗಳು ತುಂಬಿರುತ್ತವೆ. ನನ್ನನ್ನು ಎಲ್ಲಿ ಇಡುತ್ತೀರಿ, ಗೋಧಿ ಹಿಟ್ಟಿನ ಚೀಲದ ಪಕ್ಕದಲ್ಲೆ? ನೀವು ನಸುಕಿನಲ್ಲೇ ಎದ್ದು ನಾಷ್ಟಾಕ್ಕೆ ನಿಲ್ಲುತ್ತೀರಿ, ಅದು ಮುಗಿಯುವುದರೊಳಗೆ ಮಧ್ಯಾಹ್ನದ ಊಟ, ಸಂಜೆಯಾದರೆ ಬೆಂಕಿಯ ಸುತ್ತ ಕುಳಿತವರಿಗೆ ಮಾಂಸ ಸುಡುವುದು. ಲಿಂಗ ಕಟ್ಟಿಕೊಂಡವರ ಮನೆಯ ಮಗ ಈ ಕೆಲಸ ಮಾಡುತ್ತಾನೆಂದು ಅತ್ತೆಯವರಿಗೆ ಇನ್ನೂ ಹೇಳಿಲ್ಲ, ಹೆದರಬೇಡಿ. ಅವರೆಲ್ಲರ ಜೊತೆ ನಾನೂ ಒಂದು ಕುರ್ಚಿಯಲ್ಲಿ ಕೂತು ಚಂದ್ರನನ್ನು ನೋಡಬೇಕು. ನೀವು ಬಂದು ಅವರನ್ನು ನೋಡಿ ನಕ್ಕ ಹಾಗೆ ನನ್ನನ್ನು ನೋಡಿಯೂ ನಕ್ಕು, ತಟ್ಟೆ ಇಟ್ಟು ಹೋಗುತ್ತೀರಿ. ನನಗೆ ಆ ನಗು ಬೇಡ. ಕೆಲಸ ಮುಗಿಸಿ ಬಂದು, ಅಂಗಿ ಕಳಚಿ ಹಾಕಿ, ಮುಖ ಗಂಟು ಹಾಕಿಕೊಂಡು ಕೂಡುತ್ತೀರಲ್ಲ, ಆ ಮುಖ ಬೇಕು. ಮದುವೆಯಾದ ಹೊಸದರಲ್ಲಿ ಆ ಮುಖಕ್ಕೆ ಹೆದರುತ್ತಿದ್ದೆ, ಈಗ ಅದನ್ನೇ ನೆನೆಸಿಕೊಳ್ಳುತ್ತೇನೆ.

ನನ್ನ ಕೆಲಸದ್ದೂ ಅದೇ ಕಥೆ. ತುಳಸಿ ಲಗ್ನ ಆಯಿತೆಂದರೆ ಮದುವೆಯ ಬ್ಲೌಸುಗಳು ನನ್ನ ತಲೆಯ ಮೇಲೆ ಬಂದು ಬೀಳುತ್ತವೆ, ಭಾಲ್ಕಿಯ ಅರ್ಧ ಮದುಮಕ್ಕಳ ತೋಳಿನ ಅಳತೆ ನನಗೆ ಬಾಯಿಪಾಠ. ಇನ್ನು ಅತ್ತೆಯವರು, ‘ಹೋಗವಾ, ಯಾರ್ ಬ್ಯಾಡ ಅಂದಾರ? ಎಳ್ಳಮಾಸಿ ಮುಗಿಸ್ಕೊಂಡು ಹೋಗು’ ಎಂದಿದ್ದಾರೆ. ಎಳ್ಳು ಅಮಾವಾಸ್ಯೆಯ ದಿನ ಮೆಹಕರದ ನಮ್ಮ ಹೊಲಕ್ಕೆ ಸೊಸೆ ಬುಟ್ಟಿ ಹೊತ್ತು ಹೋಗದಿದ್ದರೆ, ಭಜ್ಜಿ ಅಂಬಲಿ ಮಾಡಿ ಬೆಳೆಗೆ ಚರಗ ಚೆಲ್ಲದಿದ್ದರೆ ಹೇಗೆ ಎಂದು ಅವರ ಚಿಂತೆ. ಸರಿ, ಆದರೆ ಈ ವರ್ಷ ಅಧಿಕ ಮಾಸ ಬಂದು ಹಬ್ಬಗಳೆಲ್ಲ ಮುಂದಕ್ಕೆ ಸರಿದಿವೆ. ಎಳ್ಳಮಾಸಿ ಜನವರಿಗೆ ಹೋಗಿದೆ. ಅದರ ಬೆನ್ನಿಗೆ ಸಂಕ್ರಾಂತಿ, ಆಮೇಲೆ ಮತ್ತೆ ಲಗ್ನದ ಸುಗ್ಗಿ. ಹಾಗಾಗಿ ನಿಮ್ಮ ಛಲೋ ಟೈಮ್ ಎನ್ನುವುದು ಎಲ್ಲರಿಗೂ ಛಲೋ ಇದೆ, ನಮ್ಮಿಬ್ಬರಿಗೆ ಮಾತ್ರ ಇಲ್ಲ.

ಆ ಅಧಿಕ ಮಾಸದ ವಿಷಯಕ್ಕೇ ಬರುತ್ತೇನೆ. ನಮ್ಮ ತವರು ಔರಾದ ಕಡೆ ಅದಕ್ಕೆ ಧೋಂಡ್ಯಾ ತಿಂಗಳು ಎನ್ನುವುದು ನಿಮಗೆ ಗೊತ್ತು. ಮೂರು ವರ್ಷಕ್ಕೊಮ್ಮೆ ಬರುವ ಹೆಚ್ಚಿನ ತಿಂಗಳು. ಲಗ್ನವಿಲ್ಲ, ಮುಂಜಿವೆಯಿಲ್ಲ, ಹೊಸ ಮನೆ ತುಂಬುವುದಿಲ್ಲ. ಅಳಿಯನನ್ನು ಮಾತ್ರ ಕರೆಯಬೇಕು. ಮಗಳು ಅಳಿಯನನ್ನು ಜೋಡಿಯಾಗಿ ಮಣೆಯ ಮೇಲೆ ಕೂಡಿಸಿ, ಕಾಲು ತೊಳೆದು, ಹೂರಣ ತುಂಬಿದ ಧೋಂಡೆ ಮೂವತ್ಮೂರು ಮಾಡಿ ಕೊಡಬೇಕು. ನಮ್ಮವ್ವ ಅಂಬೂಬಾಯಿಗೆ ಒಬ್ಬನೇ ಅಳಿಯ, ಅವನೂ ಒಮಾನದ ಪಾಲು. ಹಿಂದಿನ ಧೋಂಡ್ಯಾ ತಿಂಗಳು ಬಂದದ್ದು ಕೊರೋನಾದ ವರ್ಷ, ವಿಮಾನವೇ ಇರಲಿಲ್ಲ. ಆಗ ಅವ್ವ ಮಾಡಿದ್ದನ್ನು ಇಲ್ಲಿಯವರೆಗೂ ನಾನು ನಿಮಗೆ ಹೇಳಿಲ್ಲ. ಅಳಿಯ ಬರದಿದ್ದರೇನು, ರೀತಿ ಬಿಡಬಾರದು ಎಂದು ನಮ್ಮ ಮದುವೆಯ ಆಲ್ಬಮ್ಮಿನಿಂದ ನಿಮ್ಮ ಫೋಟೋ ತೆಗೆದು, ನನ್ನ ಪಕ್ಕದ ಮಣೆಯ ಮೇಲೆ ಇಟ್ಟಳು. ಕುಂಕುಮ ಹಚ್ಚಿದಳು, ಚೆಂಡುಹೂವಿನ ಮಾಲೆ ಹಾಕಿದಳು, ಊದಿನಕಡ್ಡಿಯನ್ನೂ ಬೆಳಗಿದಳು. ಅಷ್ಟರಲ್ಲಿ ಪಕ್ಕದ ಮನೆಯ ಕೌಸಲ್ಯಾಬಾಯಿ ಮೊಸರಿಗೆ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒಮ್ಮೆ ಮಾಲೆ ಹಾಕಿದ ಫೋಟೋ ನೋಡಿದಳು, ಒಮ್ಮೆ ನನ್ನ ಹಣೆ ನೋಡಿದಳು. ‘ಅಯ್ಯ ಅಂಬೂಬಾಯಿ, ಯಾವಾಗ ಆಯ್ತ? ನಮಗೊಂದ್ ಮಾತ ಹೇಳ್ಲಿಲ್ಲಲ್ಲ’ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದಳು.

ಅವ್ವನಿಗೆ ತಾನು ಏನು ಮಾಡಿದ್ದೇನೆ ಎಂದು ಹೊಳೆದದ್ದು ಆಗಲೇ. ಮಾಲೆ ಕಿತ್ತೆಸೆದಳು, ಫೋಟೋವನ್ನು ಸೆರಗಿನಿಂದ ಒರೆಸಿದಳು, ಕೌಸಲ್ಯಾಬಾಯಿಗೆ ಬೈದಳು, ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ತಮ್ಮ ಆಶೀಷ ನಕ್ಕು ನಕ್ಕು ಸುಸ್ತಾಗಿ ಅಂಗಳದಲ್ಲಿ ಕೂತ. ನಾನೂ ನಕ್ಕೆ. ಆದರೆ ನಗುತ್ತಲೇ ಒಳಗೆ ಹೋಗಿ ನಿಮಗೆ ಫೋನ್ ಹಚ್ಚಿದ್ದೆ, ನೆನಪಿದೆಯೆ? ಸುಮ್ಮನೆ ಹಚ್ಚಿದೆ ಎಂದಿದ್ದೆ. ಸುಮ್ಮನೆ ಅಲ್ಲ, ಧ್ವನಿ ಕೇಳಬೇಕಾಗಿತ್ತು. ನೀವು ‘ಹಲೋ’ ಎಂದ ಮೇಲೆಯೇ ನನ್ನ ಎದೆ ಜಾಗಕ್ಕೆ ಬಂತು. ಅಂದಿನಿಂದ ಅವ್ವನದು ಒಂದೇ ಪಟ್ಟು: ‘ಮುಂದಿನ ಧೋಂಡ್ಯಾಕ್ಕ ಜಾವಾಯಿ ಮಣಿ ಮ್ಯಾಲ ಖುದ್ದ ಕೂಡ್ಬೇಕು. ನನ್ನ ಕೈಲೆ ಆದ ಅಪಶಕುನ ನಾನೇ ತೊಳೀಬೇಕು.’ ಈ ಸಲ ಧೋಂಡ್ಯಾ ತಿಂಗಳು ಜುಲೈ ನಡುವಿನಲ್ಲಿ ಬರುತ್ತದೆ, ಆಗಸ್ಟ್ ಅರ್ಧದವರೆಗೂ ಇದೆ. ನೀವು ಬರುವುದಿಲ್ಲ ಎಂದು ಹೇಳಲು ನಾನು ಔರಾದಕ್ಕೆ ಹೋಗಿದ್ದೆ. ಅವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ಆರಿಸುತ್ತಿದ್ದ ಕಡಲೆಬೇಳೆಯ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ, ‘ಅವ್ರು ಬರ್ಲಿಲ್ಲಂದ್ರ ನೀ ಹೋಗು. ಧೋಂಡಿ ನಾ ಮಾಡಿ ಕೊಡ್ತೇನಿ, ಅಲ್ಲೇ ಇಬ್ಬರೂ ಜೋಡೀಲೆ ಕೂತು ತಿನ್ರಿ. ಕಾಲು ನನ್ನ ಹೆಸರಿಲೆ ನೀನೇ ತೊಳಿ’ ಎಂದಳು.

ಆಗ ನನಗೆ ಎಲ್ಲವೂ ಒಮ್ಮೆಗೇ ಕಂಡಿತು. ಬೇಸಿಗೆಯಲ್ಲಿ ನಿಮ್ಮ ಕ್ಯಾಂಪು ಖಾಲಿ. ಗಿರಾಕಿ ಇಲ್ಲ, ಖಾಲಿದ ಇಲ್ಲ, ಗುಡಾರ ಕಾಯಲು ನೀವೊಬ್ಬರೇ. ಮಾಲೀಕರು ಬೇಕಾದರೆ ಮನೆಯವರನ್ನು ಕರೆಸಿಕೋ ಎಂದು ಹೇಳಿದ್ದನ್ನು ನೀವೇ ಒಮ್ಮೆ ಬಾಯಿ ತಪ್ಪಿ ಅಂದಿದ್ದಿರಿ. ಧೋಂಡ್ಯಾ ತಿಂಗಳಲ್ಲಿ ಲಗ್ನವಿಲ್ಲ, ಹಾಗಾಗಿ ನನ್ನ ಮೆಷಿನ್ನಿಗೂ ಕೆಲಸವಿಲ್ಲ. ಯಾರಿಗೂ ಬೇಡವಾದ ತಿಂಗಳಲ್ಲಿ, ಯಾರೂ ಬಾರದ ಜಾಗದಲ್ಲಿ, ನೀವು ಬಿಡುವಾಗಿರುತ್ತೀರಿ, ನಾನೂ ಬಿಡುವಾಗಿರುತ್ತೇನೆ. ಆ ದೇಶಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಕಾಲ ಯಾವುದು, ನೀವೇ ಹೇಳಿ.

ಬಿಸಿಲು ಎನ್ನುತ್ತೀರಿ. ನಾನೇನು ಊಟಿಯಲ್ಲಿ ಹುಟ್ಟಿದವಳೆ? ಈಗ ಇಲ್ಲಿಯೂ ಮಧ್ಯಾಹ್ನ ಓಣಿಯಲ್ಲಿ ನಾಯಿ ಸಹ ಕಾಣುವುದಿಲ್ಲ. ನಿಮ್ಮ ಬಿಸಿಲು ಇದಕ್ಕಿಂತ ದೊಡ್ಡದು ಎಂದು ಗೊತ್ತಿದೆ, ಮೊಂಡುತನ ಮಾಡುತ್ತಿಲ್ಲ. ಹಗಲೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದರಾಯಿತು. ಒಳಗಿದ್ದು ಏನು ಮಾಡುವುದು ಎಂದು ಕೇಳುತ್ತೀರಾ? ಏನೂ ಮಾಡುವುದು ಬೇಡ. ನೀವು ಒಂದು ಗೋಡೆಗೆ ಒರಗಿ ಕೂಡಿ, ನಾನು ಇನ್ನೊಂದು ಗೋಡೆಗೆ ಕೂಡುತ್ತೇನೆ. ನಾಲ್ಕು ವರ್ಷದ ಮಾತು ಬಾಕಿ ಇದೆ. ಮಾತು ಮುಗಿದರೆ ಸುಮ್ಮನೆ ಕೂಡೋಣ. ಸ್ಪೀಕರ್ ಇಲ್ಲದೆ, ನೆಟ್‌ವರ್ಕ್ ಹೋಗುತ್ತದೆ ಎಂಬ ಭಯವಿಲ್ಲದೆ ನಿಮ್ಮ ಎದುರಿಗೆ ಸುಮ್ಮನೆ ಕೂಡಬೇಕೆಂದು ನನಗೆ ಎಷ್ಟು ಆಸೆಯಾಗುತ್ತದೆ ಗೊತ್ತೆ? ಮೆಷಿನ್ ತುಳಿಯುತ್ತಾ ತುಳಿಯುತ್ತಾ ಕಾಲು ನಿಂತುಬಿಡುತ್ತದೆ. ಗಿರಾಕಿಗಳು ದಾರ ಕಡಿಯಿತೆ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ಅತ್ತೆಯವರು ಮೊದಲು ಒಪ್ಪಲಿಲ್ಲ. ‘ಮಲಮಾಸದಾಗ ಹೊಸ ಪಯಣ ಬ್ಯಾಡ. ಸಮುದ್ರ ದಾಟಿ ಹೋಗೂದು, ಅದೂ ಮೊದಲನೇ ಸಲ’ ಎಂದರು. ನಾನು ತಲೆ ತಗ್ಗಿಸಿ ಗುಂಡಿಯ ಕಾಜ ಮಾಡುತ್ತಾ ಕೂತಿದ್ದೆ. ಮಾವನವರು ಗಲ್ಲಾ ಪೆಟ್ಟಿಗೆಯ ಹಿಂದೆ ಗಜಕಡ್ಡಿ ಹಿಡಿದು ಪಾಪ್ಲಿನ್ ಅಳೆಯುತ್ತಿದ್ದವರು ಕೈ ನಿಲ್ಲಿಸಿದರು. ‘ಶಾಂತಾ, ದಿನಾ ಲಿಂಗ ಪೂಜಾ ಮಾಡ್ತೀ, ಇನ್ನೂ ಕೆಟ್ಟ ತಿಂಗಳು ಛಲೋ ತಿಂಗಳು ಅಂತೀ? ಗಂಡನ ಮಾರಿ ನೋಡ್ಲಾಕ ಹೋಗು ದಿನ ಕೆಟ್ಟದ್ ಹ್ಯಾಂಗ ಆಗ್ತದ?’ ಎಂದರು. ಅಂಗಡಿಯಲ್ಲಿ ಕಮಠಾಣದ ಹೆಣ್ಣುಮಕ್ಕಳು ಇಬ್ಬರಿದ್ದರು, ಸೆರಗಿನಲ್ಲಿ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಸಂಜೆ ನೋಡಿದರೆ ಅತ್ತೆಯವರು ಚಟ್ನಿಪುಡಿಗೆ ಗುರೆಳ್ಳು ಹುರಿಯುತ್ತಿದ್ದರು. ಯಾರಿಗೆ ಎಂದು ಕೇಳಿದೆ. ‘ಅವಂಗ ಹಿಂಡಿ ಅಂದ್ರ ಜೀವ. ಇಷ್ಟ ಲಗೂನ ಮಾಡಿಟ್ರ ಕೆಡ್ತದೋ ಏನೋ, ರುಚಿ ನೋಡ್ಲತ್ತೀನಿ’ ಎಂದರು. ಒಪ್ಪಿದರು ಎಂದೇ ತಿಳಿದುಕೊಂಡೆ.

ಪಾಸ್‌ಪೋರ್ಟ್ ಬಂದು ವರ್ಷವಾಯಿತು, ಕಪಾಟಿನಲ್ಲಿ ಸೀರೆಗಳ ಕೆಳಗೆ ಮಲಗಿದೆ. ವೀಸಾ ನಿಮ್ಮ ಕಡೆಯಿಂದಲೇ ಆಗಬೇಕು. ಹೈದರಾಬಾದಿನವರೆಗೆ ಆಶೀಷ ಬಂದು ವಿಮಾನ ಹತ್ತಿಸುತ್ತಾನೆ. ಜೋಳದ ಹಿಟ್ಟು, ಹಿಂಡಿ, ಶಾವಿಗೆ ತರುತ್ತೇನೆ, ಇನ್ನೇನಾದರೂ ಬೇಕಿದ್ದರೆ ತಿಳಿಸಿ. ಧೋಂಡೆ ಅಲ್ಲಿಗೆ ಬರುವಷ್ಟರಲ್ಲಿ ಹಳಸುತ್ತವೆ ಎಂದು ಅವ್ವನಿಗೆ ಹೇಳಲು ಧೈರ್ಯ ಬರುತ್ತಿಲ್ಲ. ಹೂರಣದ ಬೇಳೆ, ಬೆಲ್ಲ ಕಟ್ಟಿಕೊಂಡು ಬರುತ್ತೇನೆ. ಅಡಿಗೆಯವರು ನೀವಿದ್ದೀರಲ್ಲ, ನಿಮ್ಮ ಧೋಂಡೆ ನೀವೇ ಮಾಡಿಕೊಳ್ಳಿ. ಕಾಲು ಮಾತ್ರ ನಾನು ತೊಳೆಯುತ್ತೇನೆ.

ಅತ್ತೆ, ಮಾವ ಇಬ್ಬರೂ ನಿಮ್ಮನ್ನು ಹರಸಿದ್ದಾರೆ. ಅವ್ವ ಔರಾದದಿಂದ ತನ್ನ ಜಾವಾಯಿಗೆ ಆಯುಷ್ಯ ಗಟ್ಟಿಯಾಗಿರಲಿ ಎಂದು ಹೇಳಿ ಕಳಿಸಿದ್ದಾಳೆ, ಆ ಫೋಟೋದ ದಿನದಿಂದ ಬೇರೆ ಏನನ್ನೂ ಬೇಡುವುದಿಲ್ಲ. ಚಾಚಿ ಸಲಾಮ್ ಹೇಳಿದ್ದಾರೆ. ಅಂಬರೀನ ತನ್ನ ಮದುವೆಗೆ ನೀವಿಲ್ಲ ಎಂದು ಮುನಿಸಿಕೊಂಡಿದ್ದಾಳೆ. ನನ್ನದು ಹೇಳಲು ಕಾಗದ ಸಾಲದು, ಎದುರಿಗೆ ಕೂತಾಗ ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ವರದಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಕಾಗದ ಒಯ್ಯುವ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಹಬ್ಬದ ದಿನ ಚಾಚಿ ಶೀರಖುರ್ಮಾ ಕೊಡಲು ಬಂದಾಗ, ನನಗೆ ಗೊತ್ತಿದೆ ಎಂದುಕೊಂಡು ಹೇಳಿಬಿಟ್ಟರು. ಹೋದ ಬೇಸಿಗೆ ಖಾಲಿದ ಊರಿಂದ ವಾಪಸು ಬಂದಾಗ ನೀವು ಜ್ವರದಲ್ಲಿ ನೆಲದ ಮೇಲೆ ಬಿದ್ದಿದ್ದಿರಂತೆ. ಜನರೇಟರ್ ಕೆಟ್ಟಿತ್ತಂತೆ, ಕುಡಿಯಲು ನೀರು ಕೊಡುವವರೂ ಇರಲಿಲ್ಲವಂತೆ. ಎಷ್ಟು ದಿನದಿಂದ ಹಾಗಿದ್ದಿರೋ ನಿಮಗೇ ತಿಳಿದಿರಲಿಲ್ಲವಂತೆ. ಪ್ರತಿ ಶುಕ್ರವಾರ ಬರುವ ನಿಮ್ಮ ಫೋನ್ ಆ ವಾರ ಬರಲಿಲ್ಲ, ನೆಟ್‌ವರ್ಕ್ ಇಲ್ಲವೆಂದು ನಾವು ಉಂಡು ಮಲಗಿದೆವು. ಮುಂದಿನ ವಾರ ಕೇಳಿದರೆ ‘ಎಲ್ಲಾ ಆರಾಮ’ ಎಂದಿರಿ. ಅತ್ತೆ ಮಾವನವರಿಗೆ ನಾನು ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ಮೇಲೆ ಬರೆದದ್ದೆಲ್ಲ ನಿಜವೇ, ಲಗ್ನವೂ ನಿಜ, ಧೋಂಡೆಯೂ ನಿಜ. ಆದರೆ ಅದ್ಯಾವುದೂ ಇಲ್ಲದಿದ್ದರೂ ನಾನು ಆ ತಿಂಗಳೇ ಬರುತ್ತಿದ್ದೆ. ಇನ್ನೊಂದು ಬೇಸಿಗೆ ನಿಮ್ಮನ್ನು ಅಲ್ಲಿ ಒಬ್ಬರನ್ನೇ ಬಿಡುವುದು ನನ್ನಿಂದ ಆಗುವುದಿಲ್ಲ. ಬಿಸಿಲು, ಹವಾ, ಚಂದ್ರ ಏನೂ ಹೇಳಬೇಡಿ. ಕಾಗದ ಓದಿದ ಕೂಡಲೇ ಮನೆಯ ಫೋನಿಗೆ ಒಂದು ಮೆಸೇಜ್ ಕಳಿಸಿ. ಯಾವ ತಿಂಗಳ ಹೆಸರೂ ಹಾಕದೆ, ಬರೀ ‘ಬಾ’ ಎಂದು ಬರೆಯಿರಿ.